ಏಳಕ್ಕೆ ಏಳೂ ತಪ್ಪು

ಸಂಗೀತ ಕಛೇರಿಗೆ ಮೂರೇ ದಿನ ಉಳಿದಿದ್ದಾಗ ಹಲಸುಗಳು ಕೈಕೊಟ್ಟವು.

ಕೈಕೊಟ್ಟವು ಎಂದರೆ ಕೊಳೆತುಹೋದವು ಎಂದೇನೂ ಅಲ್ಲ. ಪಾಪ, ತಮ್ಮ ಪಾಡಿಗೆ ತಾವು ಹಣ್ಣಾದವು, ಅಷ್ಟೇ. ಮರದಿಂದ ಇಳಿಸಿದ ಮೇಲೆ ಅವಕ್ಕಾದರೂ ಬೇರೆ ಏನು ಕೆಲಸ? ಸೋಮವಾರ ಗೆಣ್ಣಿನಿಂದ ತಟ್ಟಿದಾಗ ಟಣ್ ಎಂದಿದ್ದ ಕಾಯಿ ಬುಧವಾರ ಡಬ್ ಎಂದಿತು. ತಾಲೀಮಿನ ಕೋಣೆಯ ಉದ್ದನೆಯ ಮೇಜಿನ ಮೇಲೆ ಸಿಂಬಿಗಳನ್ನಿಟ್ಟು ಸಾಲಾಗಿ ಕೂರಿಸಿದ್ದ ಏಳು ಹಲಸುಗಳನ್ನೂ ತಾಳವಾದ್ಯದವನು ಒಂದೊಂದಾಗಿ ತಟ್ಟಿ ನೋಡಿದ. ತಂಡದಲ್ಲಿ ಅವನಿಗೆ ಗಡಿಯಾರ ಎಂದು ಹೆಸರು. ಒಂದು ದಿನ ತಡವಾಗಿ ಬಂದವನಲ್ಲ, ಒಂದು ದಿನ ನಕ್ಕವನೂ ಅಲ್ಲ.

"ಮೇಡಂ, ನೀವು ಬರೆದುಕೊಟ್ಟಿರೋದಕ್ಕೂ ಇವು ಹೇಳ್ತಿರೋದಕ್ಕೂ ಸಂಬಂಧಾನೇ ಇಲ್ಲ," ಎಂದ. "ಸೋಮವಾರ ಮೂರು ಕಾಯಿ ಇತ್ತು. ಇವತ್ತು ಒಂದೂ ಇಲ್ಲ. ಶನಿವಾರಕ್ಕೆ ಎಲ್ಲಾ ಸೇರಿ ಡಬ್ ಡಬ್ ಅಂತಾವೆ. ನಾನು ನುಡಿಸೋ ಬದಲು ಎಲ್ಲರೂ ಸುತ್ತ ಕೂತು ತಿನ್ನೋದೇ ವಾಸಿ."

ಮೇಡಂ ಎನ್ನಿಸಿಕೊಂಡವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಿದ್ದಳು. ವಯಸ್ಸು ನಲವತ್ತೇಳು. ಮನೆಯಲ್ಲಿ ಮಾತ್ರ ಇವತ್ತಿಗೂ ಬುಗುರಿ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅಪ್ಪ ಇಟ್ಟ ಹೆಸರು. ಸಂಗೀತ ಬರೆಯುವುದು ಅವಳ ಕಸುಬು. ಈ ಸಲ ಬರೆದದ್ದಕ್ಕೆ 'ಐದು ಹಣ್ಣು' ಎಂದು ಹೆಸರಿಟ್ಟಿದ್ದಳು. ಪಿಟೀಲು, ಕೊಳಲು, ಪಿಯಾನೊ, ಚೆಲ್ಲೋ, ತಾಳವಾದ್ಯ ಎಂದು ಐದು ಜನ, ಐದು ಭಾಗ. ಅನಾನಸಿನಲ್ಲಿ ಪಿಟೀಲಿನವನು ಕಮಾನನ್ನು ಮಗುಚಿ ಅದರ ಕಡ್ಡಿಯಿಂದ ತಂತಿ ತಿಕ್ಕಿ ಕೇಳುವವರ ಮೈಗೆಲ್ಲ ಮುಳ್ಳೇಳಿಸುತ್ತಿದ್ದ. ಪಪ್ಪಾಯಿ ಕೊಳಲಿನದು, ಮೆತ್ತಗೆ ಜಾರಿಕೊಂಡು ಹೋಗುವಂಥದ್ದು. ಸೀಬೆಯಲ್ಲಿ ಪಿಯಾನೊದ ಮೇಲಿನ ಸ್ವರದ ಮನೆಗಳು ಹಲ್ಲಿಗೆ ಸಿಕ್ಕ ಬೀಜದ ಹಾಗೆ ಕಟಕಟ ಎನ್ನುತ್ತಿದ್ದವು. ಕಲ್ಲಂಗಡಿ ಚೆಲ್ಲೋದವಳ ಪಾಲು. ಐದನೆಯದಾದ ಹಲಸಿನಲ್ಲಿ ಮಾತ್ರ ಹಣ್ಣೇ ವಾದ್ಯ: ಮೂರು ಕಾಯಿ, ಎರಡು ದೋರೆ, ಎರಡು ಹಣ್ಣು. ಗಟ್ಟಿ ಕಾಯಿಯ ಟಣ್ಣಿನಿಂದ ಹೊರಟು, ಅರ್ಧ ಹಣ್ಣಾದ ದೋರೆಯ ಮಂಕು ದನಿಗೆ ಇಳಿದು, ಪೂರಾ ಹಣ್ಣಿನ ಡಬ್ ಎಂಬ ಪೊಳ್ಳು ಸದ್ದಿನಲ್ಲಿ ಮುಗಿಯಬೇಕು. ಆ ಕೊನೆಯ ಸದ್ದಿಗಾಗಿಯೇ ಮಿಕ್ಕ ನಾಲ್ಕು ಭಾಗಗಳನ್ನೂ ಅವಳು ಬರೆದಿದ್ದಳು.

ಹಣ್ಣಿನಂಗಡಿಯವರ ಮಗಳಾಗಿ ಹುಟ್ಟಿ, ಸೋಮವಾರ ಕೊಂಡ ಹಲಸು ಶನಿವಾರದವರೆಗೂ ಹಾಗೇ ಕೂತಿರುತ್ತದೆ ಎಂದುಕೊಂಡವಳಿಗೆ ಏನನ್ನಬೇಕು? ಪಿಟೀಲಿನ ಶ್ರುತಿ ಇಳಿದರೆ ಕಿವಿ ಹಿಂಡಿ ಮೇಲೆ ತರಬಹುದು. ಹಲಸಿಗೆ ಹಿಂಡೋಣವೆಂದರೆ ಕಿವಿ ಎಲ್ಲಿದೆ?

"ನುಡಿಸೋ ದಿನವೇ ಹೊಸ ಹಣ್ಣು ಬರಬೇಕು," ಎಂದ ಗಡಿಯಾರ. "ನನಗೆ ಕಾಯಿ ಒಂದು ಗೊತ್ತಾಗುತ್ತೆ. ದೋರೆ ಯಾವುದು ಹಣ್ಣು ಯಾವುದು ಅಂತ ಹೇಳೋದು ನನ್ನ ಕೈಲಾಗಲ್ಲ. ಯಾರಾದ್ರೂ ಆರಿಸಿ ಗುರುತು ಹಾಕಿ ಕೊಟ್ರೆ ನುಡಿಸ್ತೀನಿ. ನಿಮ್ಮ ಅಕ್ಕನವರ ಅಂಗಡಿ ಇದೆಯಲ್ಲ, ಹಾಳೇಲೇ ಬರೆದಿದ್ದೀರಿ!"

ಅಕ್ಕ ಎಂದ ಕೂಡಲೇ ಬುಗುರಿ ಕಿಟಕಿಯ ಹತ್ತಿರ ನಿಂತುಬಿಟ್ಟಳು. ಇಷ್ಟು ಹತ್ತಿರದಲ್ಲಿ ಒಡಹುಟ್ಟಿದವಳ ಅಂಗಡಿ ಇಟ್ಟುಕೊಂಡು, ಸೋಮವಾರ ಎರಡು ಬಸ್ಸು ಬದಲಾಯಿಸಿ ಯಾವುದೋ ದೂರದ ಮಾರುಕಟ್ಟೆಯಿಂದ ಹಲಸು ತಂದದ್ದು ಸುಮ್ಮನೆ ಅಲ್ಲ.

ಹಾಳೆ ಎಂದರೆ ಕಛೇರಿಗೆ ಬಂದವರ ಕೈಗೆ ಕೊಡುವ ಹಾಳೆ. ಅದರಲ್ಲಿ ಅವಳು ಹೀಗೆ ಬರೆದಿದ್ದಳು: 'ನನ್ನ ಅಪ್ಪ ಹಲಸನ್ನು ತಟ್ಟಿಯೇ ಕಾಯಿಯೋ ದೋರೆಯೋ ಹಣ್ಣೋ ಹೇಳುತ್ತಿದ್ದರು. ಆ ಕಿವಿ ಅಕ್ಕನಿಗೆ ಬಂತು, ಹಣ್ಣಿನಂಗಡಿಯೂ ಅವಳಿಗೇ ಬಂತು. ನನಗೆ ಆ ಕಿವಿ ಬರಲಿಲ್ಲ. ನನ್ನ ಒಂಬತ್ತನೆಯ ವಯಸ್ಸಿನಲ್ಲಿ ಅಪ್ಪ ಪರೀಕ್ಷೆ ಮಾಡಿದಾಗ ಏಳಕ್ಕೆ ಏಳೂ ತಪ್ಪು ಹೇಳಿದೆ. ಕಿವಿ ರಿಪೇರಿಯಾಗಲಿ ಎಂದು ನನ್ನನ್ನು ಸಂಗೀತದ ಮೇಷ್ಟ್ರ ಹತ್ತಿರ ಕಳಿಸಿದರು.' ಈ ಕಥೆಯನ್ನು ಅವಳು ಹೋದಲ್ಲೆಲ್ಲ ಹೇಳಿದ್ದಳು. ಹೇಳಿದಾಗಲೆಲ್ಲ ಜನ ನಕ್ಕಿದ್ದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅಕ್ಕನೇ. ಅಂಗಡಿಗೆ ಬಂದ ಗಿರಾಕಿಗಳನ್ನು ನಿಲ್ಲಿಸಿಕೊಂಡು, "ನನ್ನ ತಂಗಿ ದೊಡ್ಡ ಸಂಗೀತಗಾರ್ತಿ, ಕಿವಿ ಮಾತ್ರ ಕೇಳಬೇಡಿ," ಎಂದು ಶುರು ಮಾಡಿ ಕೊನೆಯವರೆಗೂ ಹೇಳಿಯೇ ಹಣ್ಣು ಕೊಡುತ್ತಿದ್ದಳು.

ಕಥೆಯಲ್ಲಿ ಒಂದೇ ಒಂದು ವಿಷಯ ಬಿಟ್ಟುಹೋಗಿತ್ತು.

ಪರೀಕ್ಷೆಯ ಹಿಂದಿನ ಸಂಜೆ ಬುಗುರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಣಿಚೀಲಗಳ ಮರೆಯಲ್ಲಿ ಒಬ್ಬಳೇ ಆಡುತ್ತಿದ್ದಳು. ಈಚೆ ಅಪ್ಪ ಅಮ್ಮನಿಗೆ ಹೇಳುತ್ತಿದ್ದರು: "ಇಬ್ಬರನ್ನೂ ಓದಿಸೋದು ನನ್ನ ಕೈಲಾಗಲ್ಲ. ನನಗೂ ಒಬ್ಬರು ಜೊತೆಗೆ ಬೇಕು. ನಾಳೆ ತಟ್ಟಿ ನೋಡ್ತೀನಿ. ಯಾರ ಕಿವಿ ಚೆನ್ನಾಗಿದೆಯೋ ಅವಳು ಅಂಗಡಿಗೆ, ಇನ್ನೊಬ್ಬಳು ಓದ್ಕೊಳ್ಳಲಿ."

ಮರುದಿನ ಅಪ್ಪ ಏಳು ಹಲಸುಗಳನ್ನು ಸಾಲಾಗಿಟ್ಟು, ಮಕ್ಕಳಿಬ್ಬರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಹನ್ನೆರಡು ವರ್ಷದ ಅಕ್ಕ ಮೊದಲು. ಏಳಕ್ಕೆ ಏಳೂ ಸರಿ. ಅಪ್ಪ ಬೆನ್ನು ತಟ್ಟಿದಾಗ ಅವಳ ಮುಖ ಅರಳಿಹೋಯಿತು. ಆಮೇಲೆ ಬುಗುರಿಯ ಸರದಿ. ಒಂದೊಂದು ಸದ್ದೂ ಅವಳಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ಕಾಯಿಗೆ ಹಣ್ಣು ಎಂದಳು. ಹಣ್ಣಿಗೆ ದೋರೆ ಎಂದಳು. ದೋರೆಗೆ ಕಾಯಿ ಎಂದಳು. ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಂದಿನ ತಿಂಗಳು ಅಕ್ಕನ ಶಾಲೆಯ ಚೀಲ ಮೊಳೆಗೆ ಹೋಯಿತು. ದಿನಾ ಸಂಜೆ ತಂಗಿಯ ಕೈಹಿಡಿದು ಮೇಷ್ಟ್ರ ಮನೆಯ ಬಾಗಿಲಿಗೆ ಬಿಡುತ್ತಿದ್ದವಳು ಅವಳೇ. ಮೆಟ್ಟಿಲ ಮೇಲೆ ಎರಡು ನಿಮಿಷ ನಿಂತು ಕೇಳಿ, ಅಂಗಡಿಗೆ ಓಡಿಹೋಗುತ್ತಿದ್ದಳು.

ಮೂವತ್ತೆಂಟು ವರ್ಷವಾಯಿತು. ಅಪ್ಪ ಹೋದರು, ಅಮ್ಮ ಹೋದರು. ಅಕ್ಕ ದಿನಾ ಬೆಳಗ್ಗೆ ಐದಕ್ಕೆ ಅಂಗಡಿಯ ಬೀಗ ತೆಗೆಯುತ್ತಲೇ ಇದ್ದಾಳೆ.

ಬುಗುರಿ ಫೋನು ಕೈಗೆತ್ತಿಕೊಂಡಳು, ಇಟ್ಟಳು, ನೀರು ಕುಡಿದಳು, ಮತ್ತೆ ಎತ್ತಿಕೊಂಡಳು. ವಿಷಯ ಕೇಳಿದ ಅಕ್ಕ, "ಅಯ್ಯೋ ಮಂಕೇ! ನನ್ನನ್ನ ಕೇಳದೆ ಹಲಸು ತಂದ್ಯಾ? ಅದೂ ಐದು ದಿನ ಮುಂಚೆ? ನಿನ್ನ ಕಿವಿ ಒಂದೇ ಅಲ್ಲ ಕಣೇ, ಬುದ್ಧೀನೂ ರಿಪೇರಿ ಮಾಡಿಸ್ಬೇಕಿತ್ತು ಅಪ್ಪ," ಎಂದು ಗೊಳ್ಳೆಂದು ನಕ್ಕಳು. "ನಾಳೆ ತಾಲೀಮಿಗೆ ಏಳು ತರ್ತೀನಿ. ಶನಿವಾರಕ್ಕೆ ಬೇರೆ ಏಳು."

ಗುರುವಾರ ಮಧ್ಯಾಹ್ನ ಅಕ್ಕ ಅಂಗಡಿಯ ಏಪ್ರನ್ನಿನಲ್ಲೇ ಬಂದಳು. ಹಿಂದೆ ಭಾವ, ಎರಡೂ ಕಂಕುಳಲ್ಲಿ ಒಂದೊಂದು ಹಲಸು ಅವುಚಿಕೊಂಡು. ಅಕ್ಕನ ಬಲಗೈಯ ನಡುಬೆರಳಿನ ಗೆಣ್ಣು ತಟ್ಟಿ ತಟ್ಟಿ ಗಂಟುಕಟ್ಟಿಹೋಗಿತ್ತು. ಮೇಣ ಅಂಟಬಾರದೆಂದು ಸವರಿಕೊಂಡ ಎಣ್ಣೆಯಲ್ಲಿ ಕೈ ಮಿರಮಿರ ಮಿಂಚುತ್ತಿತ್ತು. ಒಂದೊಂದು ಹಣ್ಣಿನ ತೊಟ್ಟಿನ ಹತ್ತಿರವೂ ಸುಣ್ಣದ ಗೆರೆ: ಒಂದು ಗೆರೆಯದು ಕಾಯಿ, ಎರಡು ಗೆರೆಯದು ದೋರೆ, ಮೂರು ಗೆರೆಯದು ಹಣ್ಣು.

"ಏನು, ಹಸಿದು ಹಲಸು ಅಂತಾರಲ್ಲ, ಎಲ್ಲರೂ ಹಸಿದು ಬಂದಿದ್ದೀರಾ?" ಎಂದು ಪಿಟೀಲಿನವನನ್ನು ರೇಗಿಸಿ, ಚೆಲ್ಲೋದವಳ ಪಕ್ಕದ ಕುರ್ಚಿಯಲ್ಲಿ ಕೂತು, ಕೋಣೆಯ ತುಂಬ ತನ್ನ ನಗುವನ್ನು ಹರಡಿಬಿಟ್ಟಳು. ಗಡಿಯಾರನೂ ಸ್ವಲ್ಪ ಸಡಿಲವಾದಂತೆ ಕಂಡ.

ತಾಲೀಮು ಶುರುವಾಯಿತು. ಬುಗುರಿ ಗೋಡೆಯ ಹಲಗೆಗೆ ಪಿನ್ನು ಚುಚ್ಚಿ ಸಿಕ್ಕಿಸಿದ್ದ ಸ್ವರಲಿಪಿಯಲ್ಲಿ ಏನನ್ನೋ ತಿದ್ದುತ್ತ, ಎಲ್ಲರಿಗೂ ಬೆನ್ನು ಮಾಡಿ ನಿಂತಿದ್ದಳು. ತಲೆಯಲ್ಲಿ ನೂರೆಂಟು ಚಿಂತೆ. ಹಿಂದಿನಿಂದ ಗಡಿಯಾರ ಒಂದೊಂದೇ ಹಲಸು ತಟ್ಟುತ್ತ ಬಂದ. ಮೂರನೆಯದನ್ನು ತಟ್ಟಿದಾಗ ಅವಳು ತಿರುಗಿಯೂ ನೋಡದೆ, "ಅದು ಕಾಯಿ ಅಲ್ಲ, ದೋರೆಗೆ ತಿರುಗಿದೆ. ತೆಗೆದಿಡು," ಎಂದುಬಿಟ್ಟಳು.

ಬಾಯಿಂದ ಬಿದ್ದ ಮೇಲೆ ತಿದ್ದುತ್ತಿದ್ದ ಕೈ ಅಲ್ಲೇ ನಿಂತಿತು.

ಅಕ್ಕ ಎದ್ದು ಹೋಗಿ ಆ ಮೂರನೆಯದನ್ನು ತಟ್ಟಿದಳು. ಕಿವಿಯನ್ನು ಹತ್ತಿರ ತಂದು ಇನ್ನೊಮ್ಮೆ ತಟ್ಟಿದಳು. "ಹೌದು. ಬೆಳಗ್ಗೆ ಕಾಯಿ ಇತ್ತು. ವ್ಯಾನಿನ ಸೆಖೆಗೆ ತಿರುಗಿಬಿಟ್ಟಿದೆ," ಎಂದು ಎರಡನೆಯ ಗೆರೆ ಎಳೆದಳು. ಆಮೇಲೆ ತಂಗಿಯ ಬೆನ್ನನ್ನು ನೋಡಿದಳು. "ನಿನಗೆ ಹೆಂಗೆ ಗೊತ್ತಾಯ್ತು?"

"ಅಷ್ಟು ವರ್ಷದ ಸಂಗೀತ, ಅಕ್ಕ. ಈಗ ಗೊತ್ತಾಗುತ್ತೆ. ಆವಾಗ ಗೊತ್ತಾಗ್ತಿರ್ಲಿಲ್ಲ. ನಿಜವಾಗ್ಲೂ ಆವಾಗ ಗೊತ್ತಾಗ್ತಿರ್ಲಿಲ್ಲ," ಎಂದಳು ಬುಗುರಿ.

ಆವಾಗಿನ ವಿಷಯವನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದೆ. ಅಕ್ಕ ಕುರ್ಚಿಗೆ ಹೋಗಿ ಕೂತಳು. ತಾಲೀಮು ಮುಗಿಯುವ ತನಕ ಅವಳ ನಗು ಕೇಳಿಸಲಿಲ್ಲ.

ಹೊರಗೆ ವ್ಯಾನಿನ ಬಾಗಿಲು ಹಿಡಿದು ನಿಂತು ಅಕ್ಕ ಅಂದಳು: "ಒಂದು ಲೆಕ್ಕ ಹತ್ತುತ್ತಿಲ್ಲ ಕಣೇ. ಮೂರೇ ಉತ್ತರ ಇರೋದು. ಕಣ್ಣು ಮುಚ್ಚಿ ಕಲ್ಲು ಹೊಡೆದ್ರೂ ಏಳರಲ್ಲಿ ಎರಡಾದ್ರೂ ತಾಗುತ್ತೆ. ಅಂಗಡಿಗೆ ಬರೋ ಏನೂ ಗೊತ್ತಿಲ್ಲದವರೂ ತಟ್ಟಿ ಹೇಳ್ತಾರೆ, ಅವರದ್ದೂ ಎರಡು ಮೂರು ಸರಿ ಇರುತ್ತೆ. ಏಳಕ್ಕೆ ಏಳೂ ತಪ್ಪು ಹೇಳಿದೋರನ್ನ ನಾನು ಇಲ್ಲೀವರೆಗೂ ನೋಡಿಲ್ಲ, ನಿನ್ನ ಬಿಟ್ಟು."

"ಅದಕ್ಕೇ ತಾನೇ ಅಪ್ಪ ಅಷ್ಟು ನಕ್ಕಿದ್ದು."

"ಏಳೂ ತಪ್ಪು ಹೇಳ್ಬೇಕಾದ್ರೆ ಏಳೂ ಗೊತ್ತಿರ್ಬೇಕಲ್ವೇನೇ?"

ಭಾವ ವ್ಯಾನು ಶುರು ಮಾಡಿದರು. ಬುಗುರಿ ಅಕ್ಕನ ಎಣ್ಣೆಗೈಯನ್ನು ನೋಡುತ್ತ, "ಚಿಕ್ಕವಳು, ಅಕ್ಕ. ಬಾಯಿಗೆ ಬಂದಿದ್ದು ಹೇಳಿದ್ದೆ ಅಷ್ಟೇ," ಎಂದಳು.

"ಆಯ್ತು ಬಿಡು," ಎಂದಳು ಅಕ್ಕ.

ಆಯ್ತು ಬಿಡು ಎನ್ನುವ ಮಾತು ಇದೆಯಲ್ಲ, ಅದರಲ್ಲಿ ಏನೂ ಆಗಿರುವುದಿಲ್ಲ, ಯಾರೂ ಬಿಟ್ಟಿರುವುದಿಲ್ಲ. ಬೈದಿದ್ದರೆ ಬುಗುರಿ ಸುಧಾರಿಸಿಕೊಳ್ಳುತ್ತಿದ್ದಳು.

ಶುಕ್ರವಾರ ಅವಳು ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗಿದಳು. ಬೆಳಗ್ಗೆ ಬಟ್ಟೆ ನೆನೆಸಿದವಳು ಅದನ್ನು ಅಲ್ಲೇ ಮರೆತು ಹೊರಟಳು. ಅಕ್ಕನ ಅಂಗಡಿಯ ಬೀದಿಯ ತುದಿಯವರೆಗೂ ಹೋದಳು. ಎದುರಿನ ಔಷಧಿ ಅಂಗಡಿಯಲ್ಲಿ ಬೇಡದ ತಲೆನೋವಿನ ಮಾತ್ರೆ ಕೊಂಡು, ಅಕ್ಕ ಗಿರಾಕಿಯೊಬ್ಬರಿಗೆ ಹಲಸು ತಟ್ಟಿ ತೋರಿಸುವುದನ್ನು ದೂರದಿಂದ ನೋಡಿ, ಹಾಗೇ ತಿರುಗಿ ಬಂದಳು. ಮಧ್ಯಾಹ್ನ ಫೋನು ಮಾಡಿದರೆ ಭಾವ ಎತ್ತಿದರು.

"ಅಕ್ಕ ಇಲ್ವಾ ಭಾವ?"

"ಇದ್ದಾಳೆ. ಮಾತಾಡಲ್ವಂತೆ. ನಿನ್ನೆಯಿಂದ ನನ್ನ ಹತ್ರಾನೂ ಅಷ್ಟಕ್ಕಷ್ಟೇ. ಏನಾಯ್ತಮ್ಮಾ ನಿಮ್ಮಿಬ್ಬರಿಗೂ?"

"ಏನಿಲ್ಲ. ನಾಳೆ ಹಣ್ಣು..."

"ಹಣ್ಣು ಕಳಿಸ್ತಾಳೆ. ಅದನ್ನ ಹೇಳಿದ್ದಾಳೆ. ಒಂದೊಂದನ್ನೂ ತಾನೇ ಆರಿಸಿ ಗುರುತು ಹಾಕ್ತಾಳಂತೆ. ಯಾರೂ ಮುಟ್ಟಬಾರ್ದಂತೆ."

ಐದನೆಯ ಭಾಗವನ್ನೇ ಕಿತ್ತುಹಾಕಿ 'ನಾಲ್ಕು ಹಣ್ಣು' ಎಂದು ಮಾಡಿಬಿಡಲೇ ಎಂದು ಯೋಚಿಸಿದಳು. ಹಾಳೆಗಳು ಅಚ್ಚಾಗಿಹೋಗಿದ್ದವು. ಸತ್ಯ ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಅಕ್ಕ ಏನು ಕಳೆದುಕೊಳ್ಳುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಅಂಗಡಿ ತನ್ನ ಹಣೆಬರಹವಲ್ಲ, ತನ್ನ ಕಿವಿಗೆ ಸಿಕ್ಕ ಗೌರವ ಎಂದುಕೊಂಡು ಅಕ್ಕ ಇಷ್ಟು ವರ್ಷ ಬದುಕಿದ್ದಳು. ಅಪ್ಪ ಅವತ್ತು ಬೆನ್ನು ತಟ್ಟಿದ್ದನ್ನು ಇವತ್ತಿಗೂ ಹೇಳಿಕೊಳ್ಳುತ್ತಿದ್ದಳು. ಗೆದ್ದವಳು ನಾನು ಎಂದುಕೊಂಡವಳಿಗೆ, ಇಲ್ಲ, ನಾನು ಬೇಕೆಂದೇ ಸೋತೆ ಎಂದು ಯಾವ ಬಾಯಲ್ಲಿ ಹೇಳುವುದು? ಹೀಗೆಲ್ಲ ಯೋಚಿಸಿದಳು. ನಿಜ ಹೇಳಬೇಕೆಂದರೆ, ಅದರ ಕೆಳಗೆ ಬರೀ ಹೆದರಿಕೆ ಇತ್ತು. ಅವಳಿಗೆ ಇರುವುದು ಒಬ್ಬಳೇ ಅಕ್ಕ.

ಶನಿವಾರ ಸಂಜೆ ಆರಕ್ಕೆ ಕಛೇರಿ. ಐದೂವರೆಗೆ ಭಾವ ಏಳು ಹಲಸುಗಳನ್ನು ರಂಗದ ಹಿಂಬಾಗಿಲಿಗೆ ಇಳಿಸಿ, ವ್ಯಾನು ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದರು. ತಟ್ಟಿ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ರಂಗದ ಕೆಲಸದವರು ಸುಣ್ಣದ ಗೆರೆ ನೋಡಿಕೊಂಡು ಚಕ್ರದ ಮೇಜಿನ ಮೇಲೆ ಎಡದಿಂದ ಬಲಕ್ಕೆ ಜೋಡಿಸಿದರು: ಮೊದಲು ಒಂದು ಗೆರೆಯ ಮೂರು, ಆಮೇಲೆ ಎರಡು ಗೆರೆಯ ಎರಡು, ಕೊನೆಗೆ ಮೂರು ಗೆರೆಯ ಎರಡು. ಏಳೂ ಒಟ್ಟಿಗಿದ್ದುದರಿಂದ ಘಮಲು ಯಾವುದರದ್ದೆಂದು ಹೇಳುವಂತಿರಲಿಲ್ಲ.

ಅನಾನಸು ಚೆನ್ನಾಗಿ ಹೋಯಿತು. ಪಪ್ಪಾಯಿಗೆ ಮುಂದಿನ ಸಾಲಿನ ಮಗುವೊಂದು ನಿದ್ದೆ ಹೋಯಿತು. ಅದನ್ನು ಕೊಳಲಿನವಳು ಹೊಗಳಿಕೆ ಎಂದೇ ತೆಗೆದುಕೊಂಡಳು. ಸೀಬೆ ಮುಗಿದು ಕಲ್ಲಂಗಡಿ ಶುರುವಾದಾಗ ಬುಗುರಿ ಪಕ್ಕದ ಪರದೆಯ ಮರೆಯಲ್ಲಿ ನಿಂತು, ಹೆಬ್ಬೆರಳಿನಿಂದ ಪರದೆಯ ಅಂಚನ್ನು ಬಿಚ್ಚುತ್ತಿದ್ದಳು. ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಏಪ್ರನ್ ಇರಲಿಲ್ಲ, ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದಳು. ಕೈ ಕಟ್ಟಿಕೊಂಡಿದ್ದಳು. ತೊಡೆಯ ಮೇಲೆ ಆ ಹಾಳೆ.

ಚೆಲ್ಲೋ ನಿಂತಿತು, ಚಪ್ಪಾಳೆಯಾಯಿತು. ಮೇಜನ್ನು ರಂಗದ ನಡುವಿಗೆ ತಳ್ಳಿಕೊಂಡು ಬಂದರು. ಗಡಿಯಾರ ತನ್ನ ಅಭ್ಯಾಸದಂತೆ ಶುರು ಮಾಡುವ ಮುನ್ನ ಒಂದೊಂದನ್ನೂ ಮೆಲ್ಲಗೆ ತಟ್ಟಿದ. ಸಭೆಗೆ ಕೇಳಿಸದಷ್ಟು ಮೆಲ್ಲಗೆ. ಬುಗುರಿಗೆ ಕೇಳಿಸಿತು.

ಒಂದನೆಯದು ಕಾಯಿಯಲ್ಲ. ಅಕ್ಕನಿಗೂ ಒಂದು ತಪ್ಪಬಹುದು ಎಂದುಕೊಂಡಳು. ಎರಡನೆಯದೂ ಅಲ್ಲ. ಮೂರನೆಯದೂ ಅಲ್ಲ. ಏಳನೆಯದನ್ನು ತಟ್ಟುವ ಹೊತ್ತಿಗೆ ಅವಳ ಕೈ ಪರದೆಯ ಅಂಚನ್ನು ಬಿಟ್ಟಿತ್ತು. ಏಳಕ್ಕೆ ಏಳೂ ತಪ್ಪು. ಏಳೂ ತಪ್ಪು ಗುರುತು ಹಾಕಬೇಕಾದರೆ ಏಳೂ ಗೊತ್ತಿರಬೇಕು.

ಗಡಿಯಾರ ಪರದೆಯ ಹತ್ತಿರ ಬಂದು ಪಿಸುಗುಟ್ಟಿದ: "ಮೇಡಂ, ಒಂದು ಗೆರೆಯದ್ದು ಯಾವುದೂ ಕಾಯಿ ಇದ್ದಂಗಿಲ್ಲ. ಮಿಕ್ಕಿದ್ದು ನನಗೆ ಗೊತ್ತಾಗ್ತಿಲ್ಲ. ಇರೋ ಹಾಗೇ ನುಡಿಸಿಬಿಡ್ಲಾ? ಕೇಳೋರಿಗೆ ಏನ್ ಗೊತ್ತಾಗುತ್ತೆ? ಒಬ್ಬರಿಗೂ ಗೊತ್ತಾಗಲ್ಲ."

ನಿಜ. ಮುನ್ನೂರು ಜನರಲ್ಲಿ ಇನ್ನೂರ ತೊಂಬತ್ತೊಂಬತ್ತು ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಹಲಸು ತಲೆಕೆಳಗಾಗಿ ಮೊಳಗುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು, ಹಾಳೆಯಲ್ಲಿರುವ ಕಥೆ ಕಥೆಯಾಗಿಯೇ ಉಳಿಯುತ್ತಿತ್ತು. ಬುಗುರಿ ಸುಮ್ಮನಿದ್ದರೆ ಗುರುವಾರದ್ದು ಬರೀ ಕುರುಡು ಗುರಿ, ಅವಳಿಗೆ ಇವತ್ತಿಗೂ ಆ ಕಿವಿ ಇಲ್ಲ ಎಂದಾಗುತ್ತಿತ್ತು. ಅಕ್ಕ ಅದನ್ನು ನಂಬಲು ತಯಾರಾಗಿಯೇ ಬಂದಿದ್ದಳೋ ಏನೋ. ತಪ್ಪಿಸಿಕೊಳ್ಳಲು ದಾರಿಯನ್ನೂ ಇಟ್ಟು ಪರೀಕ್ಷೆ ಮಾಡುತ್ತಿದ್ದಳು ಮಹಾರಾಯಿತಿ.

ಬುಗುರಿಯ ಕಾಲು ತಾನಾಗಿ ಹಿಂಬಾಗಿಲ ಕಡೆ ಎರಡು ಹೆಜ್ಜೆ ಹಾಕಿತು. ಆಮೇಲೆ ಅವಳು ರಂಗದ ಮೇಲೆ ನಡೆದು ಬಂದಳು. ಸಭೆಗೆ ಬೆನ್ನು ಮಾಡಿ, ರಂಗದ ಹಿಂದಿನ ಗೋಡೆಗೆ ಮುಖ ಹಾಕಿ ನಿಂತಳು. ಗೋಡೆಗೆ ಬಳಿದ ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿತ್ತು.

"ತಟ್ಟು," ಎಂದಳು. "ಎಡಗಡೆಯಿಂದ, ಒಂದೊಂದೇ."

ಗಡಿಯಾರ ಜೀವನದಲ್ಲಿ ಮೊದಲ ಸಲ ಒಂದು ಕ್ಷಣ ತಡ ಮಾಡಿದ. ಆಮೇಲೆ ತಟ್ಟಿದ.

"ದೋರೆ," ಎಂದಳು ಬುಗುರಿ. ಮೂರನೆಯ ಸಾಲಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಎರಡನೆಯದು. "ಹಣ್ಣು."

ಮೂರನೆಯದು. "ಹಣ್ಣು."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಇದೂ ಕೃತಿ ಬರೆದವಳ ಹೊಸ ತಮಾಷೆ ಎಂದು ಜನ ಮುಂದಕ್ಕೆ ಬಾಗಿ ಕೂತರು. ನಾಲ್ಕು, ಐದು, ಆರು: "ಕಾಯಿ. ಕಾಯಿ. ಕಾಯಿ." ಗಡಿಯಾರ ಏಳನೆಯದನ್ನು ತಟ್ಟಿದ. ಒಂಬತ್ತು ವರ್ಷದವಳಿದ್ದಾಗ ಏಳನೆಯದಕ್ಕೆ ಏನೆಂದಿದ್ದೆ ಎನ್ನುವುದು ನೆನಪಿತ್ತು, ಅದು ನಿಜಕ್ಕೂ ಏನಾಗಿತ್ತು ಎನ್ನುವುದೂ ನೆನಪಿತ್ತು. "ದೋರೆ," ಎಂದಳು.

ಚಪ್ಪಾಳೆ ಬಿತ್ತು. ಗಡಿಯಾರ ಅವಳು ಹೇಳಿದ ಪ್ರಕಾರ ಹಣ್ಣುಗಳನ್ನು ಎತ್ತಿ ಜೋಡಿಸಿಕೊಂಡು ಶುರು ಮಾಡಿದ. ಟಣ್ಣಿನಿಂದ ಹೊರಟು, ಮಂಕಾಗಿ, ಕೊನೆಗೆ ಡಬ್ ಎಂದು ಇಳಿಯುವ ತನಕ ಬುಗುರಿ ಮೂರನೆಯ ಸಾಲಿನ ಕಡೆ ನೋಡಲಿಲ್ಲ. ಕೊನೆಯ ಸದ್ದಿನ ಮೇಲೆ ಸಭೆ ಸ್ವಲ್ಪ ಹೊತ್ತು ಉಸಿರು ಹಿಡಿದು ಕೂತಿತ್ತು. ತಾನು ಬಯಸಿದ್ದು ಅದೇ ಆಗಿದ್ದರೂ ಅವಳಿಗೆ ಅದರ ಸುಖ ಸಿಗಲಿಲ್ಲ.

ಮುಗಿದ ಮೇಲೆ ಹತ್ತಾರು ಜನ ಕೈ ಕುಲುಕಿದರು. ಆ ಗೋಡೆಗೆ ಮುಖ ಮಾಡಿ ನಿಂತದ್ದು ಅದ್ಭುತ, ಅದನ್ನು ಸ್ವರಲಿಪಿಯಲ್ಲಿ ಹೇಗೆ ಬರೆದಿರಿ ಎಂದು ಕೇಳಿದರು. ಅವಳು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ನಡೆದಳು. ಅಕ್ಕ ಓಣಿಯ ಕೊನೆಯಲ್ಲಿ ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತಿದ್ದಳು.

"ಏಳಕ್ಕೆ ಏಳೂ ಸರಿ," ಎಂದಳು ಅಕ್ಕ.

"ಅವತ್ತೂ ಗೊತ್ತಿತ್ತು ಅಕ್ಕ. ಎಲ್ಲಾ ಗೊತ್ತಿತ್ತು. ಕಿವಿ ಚೆನ್ನಾಗಿರೋಳು ಅಂಗಡಿಗೆ, ಇನ್ನೊಬ್ಬಳು ಓದಿಗೆ ಅಂತ ಅಪ್ಪ ಹಿಂದಿನ ದಿನ ಅಮ್ಮನಿಗೆ ಹೇಳ್ತಿದ್ರು. ಚೀಲದ ಹಿಂದೆ ಕೂತು ಕೇಳಿಸ್ಕೊಂಡೆ. ನಿನಗೆ ಹೇಳ್ಲಿಲ್ಲ." ಒಂದೇ ಉಸಿರಿಗೆ ಹೇಳಿದಳು. ಮೂವತ್ತೆಂಟು ವರ್ಷ ಹೊತ್ತದ್ದು ಹೇಳುವುದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅಕ್ಕ ನಲ್ಲಿ ತಿರುಗಿಸಿ ಲೋಟಕ್ಕೆ ನೀರು ಹಿಡಿದಳು. ಕುಡಿಯಲಿಲ್ಲ.

"ಹೇಳಿದ್ರೆ ನಾನೂ ತಪ್ಪು ಹೇಳ್ತಿದ್ದೆ," ಎಂದಳು. ಲೋಟವನ್ನು ನಲ್ಲಿಯ ಕಟ್ಟೆಯ ಮೇಲಿಟ್ಟು, "ಇಬ್ಬರೂ ತಪ್ಪು ಹೇಳಿದ್ರೆ ಅಪ್ಪ ಏನ್ ಮಾಡ್ತಿದ್ರೋ, ನೋಡ್ಬೇಕಿತ್ತು," ಎಂದಳು. ಅವಳಿಗೆ ನಗು ಬರಲು ಹೊರಟು ಅರ್ಧಕ್ಕೆ ನಿಂತುಹೋಯಿತು. ಅಕ್ಕನ ಮುಖ ಹಾಗೆ ಮುದುಡಿದ್ದನ್ನು ಬುಗುರಿ ಯಾವತ್ತೂ ನೋಡಿರಲಿಲ್ಲ. ಕ್ಷಮಿಸು ಎನ್ನಲು ಬಾಯಿ ತೆರೆದಳು. ಅಕ್ಕ ಕೈ ಅಡ್ಡ ಹಿಡಿದಳು.

"ಅದೆಲ್ಲ ಬೇಡ. ನನಗೆ ಈಗ ಬೇಕಾಗಿಲ್ಲ." ಚೀಲದೊಳಗೆ ಕೈಹಾಕಿ ಅಂಗಡಿಯ ಬೀಗದ ಕೈ ತೆಗೆದು ತಂಗಿಯ ಅಂಗೈಗೆ ಹಾಕಿದಳು. "ನಾಳೆ ಐದಕ್ಕೆ ಹಲಸು ಬರುತ್ತೆ. ನಲವತ್ತು. ತಟ್ಟಿ ಗುರುತು ಹಾಕು. ನಾನು ಬಿಸಿಲು ಬರೋವರೆಗೂ ಮಲಗ್ತೀನಿ."

"ನಾಳೆ ಒಂದು ದಿನಾನಾ?"

"ಹಲಸಿನ ಕಾಲ ಮುಗಿಯೋವರೆಗೂ," ಎಂದು ಹೇಳಿ ಅಕ್ಕ ಭಾವನನ್ನು ಹುಡುಕಿಕೊಂಡು ಹೋದಳು. ನೀರು ತುಂಬಿದ ಲೋಟ ನಲ್ಲಿಯ ಕಟ್ಟೆಯ ಮೇಲೆಯೇ ಇತ್ತು.

ಭಾನುವಾರ ಬೆಳಗ್ಗೆ ಐದಕ್ಕೆ ಹತ್ತು ನಿಮಿಷವಿರುವಾಗ ಬುಗುರಿ ಅಂಗಡಿಯ ಬೀಗ ತೆಗೆದಳು. ಬಾಗಿಲು ಮೇಲೆತ್ತುವುದಕ್ಕೆ ಬಾರದೆ ಮೂರು ಸಲ ಒದ್ದಾಡಿದಳು. ಲಾರಿಯವನು ಅವಳನ್ನು ಮೇಲೆ ಕೆಳಗೆ ನೋಡಿ, "ಅಕ್ಕಾವ್ರು ಎಲ್ಲಿ? ಹುಷಾರಿಲ್ವಾ?" ಎಂದು ಕೇಳಿದ.

"ಮಲಗಿದ್ದಾರೆ."

"ಮಲಗಿದ್ದಾರಾ?" ಎಂದ ಅವನು, ಕೇಳಬಾರದ ಸುದ್ದಿ ಕೇಳಿದವನ ಹಾಗೆ. ನಲವತ್ತು ಹಲಸುಗಳನ್ನು ಗೋಣಿಯ ಮೇಲೆ ಇಳಿಸಿ ಹೋದ.

ಸುಣ್ಣದ ಡಬ್ಬಿ ಎಲ್ಲಿದೆಯೆಂದು ಹುಡುಕುತ್ತಿದ್ದಾಗ ಫೋನು ಬಂತು.

"ನಿದ್ದೆ ಬರ್ತಿಲ್ಲ ಕಣೇ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಾಲ್ಕೂವರೆಗೇ ಎಚ್ಚರ ಆಗೋಯ್ತು. ಮಗ್ಗುಲು ಬದಲಾಯಿಸಿ ಬದಲಾಯಿಸಿ ಸಾಕಾಯ್ತು. ಈ ಹೊತ್ತಿನಲ್ಲಿ ಮಲಗೋದು ಹೇಗೆ ಅಂತಾನೇ ಮರೆತುಹೋಗಿದೆ ನೋಡು."

ಬುಗುರಿಗೆ ಅಳು ಒತ್ತರಿಸಿಕೊಂಡು ಬಂತು. ಬೈಗುಳವನ್ನು ತಡೆದುಕೊಳ್ಳಲು ಅವಳು ರಾತ್ರಿಯಿಂದ ತಯಾರಾಗಿದ್ದಳು, ಇದಕ್ಕೆ ತಯಾರಾಗಿರಲಿಲ್ಲ. ಬೀಗದ ಕೈಯನ್ನು ವಾಪಸು ಕೊಡಬಹುದು, ಬೆಳಗಿನ ನಿದ್ದೆಯನ್ನು ಎಲ್ಲಿಂದ ತಂದುಕೊಡುವುದು?

"ಅಳ್ತಿದೀಯಾ?"

"ಇಲ್ಲ."

"ಮತ್ತೆ ಸುಳ್ಳು."

"ಹೂಂ. ಅಳ್ತಿದೀನಿ."

"ಹಾಂ. ಅಳೋದು ಆಮೇಲೆ ಅಳುವಿಯಂತೆ. ಹಣ್ಣು ಬಂತಾ? ಫೋನನ್ನ ಪಕ್ಕದಲ್ಲಿಡು. ತಟ್ಟು. ಏನು ಅಂತ ಜೋರಾಗಿ ಹೇಳು."

ಬುಗುರಿ ಫೋನನ್ನು ಗೋಣಿಯ ಮೇಲಿಟ್ಟು ಮಂಡಿಯೂರಿ ಕೂತಳು. ಮೊದಲನೆಯದನ್ನು ತಟ್ಟಿದಳು. "ಕಾಯಿ," ಎಂದಳು. "ಹೂಂ," ಎಂದಿತು ಫೋನು. ಎರಡನೆಯದು, "ಕಾಯಿ." "ಹೂಂ." ಮೂರನೆಯದು, "ದೋರೆ." ಗೆಣ್ಣು ಉರಿಯತೊಡಗಿತು. ಎಂಟನೆಯದಕ್ಕೆ ಬಂದ ಹೂಂ ಸ್ವಲ್ಪ ತಡವಾಗಿತ್ತು. ಒಂಬತ್ತನೆಯದಕ್ಕೆ ಬರಲೇ ಇಲ್ಲ. ಹನ್ನೊಂದನೆಯದನ್ನು ತಟ್ಟಿ "ಹಣ್ಣು" ಎಂದಾಗ ಫೋನಿನಿಂದ ಸಣ್ಣಗೆ ಗೊರಕೆ ಕೇಳಿಸಿತು.

ಬುಗುರಿ ಕೈ ತಡೆದಳು. ಗೊರಕೆಯೂ ನಿಂತಿತು. ಬೇಗ ಬೇಗ ಹನ್ನೆರಡನೆಯದನ್ನು ತಟ್ಟಿದಳು. ಆ ಕಡೆ ಉಸಿರು ಮತ್ತೆ ನಿಧಾನವಾಯಿತು. ಅಂಗಡಿಯ ಮುಂದೆ ಮೊದಲ ಗಿರಾಕಿ ಬಂದು ನಿಂತಿದ್ದರು, ಅವರಿಗೆ ಕಾಯಿರಿ ಎಂದು ಕೈಸನ್ನೆ ಮಾಡಿದಳು. ಇನ್ನೂ ಇಪ್ಪತ್ತೆಂಟು ಹಲಸುಗಳಿದ್ದವು. ನಿಲ್ಲಿಸಿದರೆ ಅಕ್ಕನಿಗೆ ಎಚ್ಚರವಾದೀತೆಂದು ಅವಳು ತಟ್ಟುತ್ತಲೇ ಹೋದಳು, ಒಂದೊಂದಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತ.